ಮೇಜಿನಿಂದ 60 ಸೆಂಟಿಮೀಟರ್ ಮೇಲೆ: ಪರದೇಶದಲ್ಲಿ ಡೇನಿಷ್ ಸಂಸಾರ

ಡೆನ್ಮಾರ್ಕಿನ ಮನೆಗಳಲ್ಲಿ ಊಟದ ಮೇಜಿನ ತೂಗುದೀಪ ಹಲಗೆಯಿಂದ ಸುಮಾರು 60 ಸೆಂಟಿಮೀಟರ್ ಎತ್ತರದಲ್ಲಿ ನೇತಾಡುತ್ತದೆ. ನಮ್ಮವರು ನೋಡಿದರೆ ತಲೆಗೆ ಬಡಿಯುತ್ತದೆ ಎಂದು ಮೇಲಕ್ಕೆ ಕಟ್ಟಿಬಿಟ್ಟಾರು. ಆದರೆ ಆ ಎತ್ತರಕ್ಕೆ ಲೆಕ್ಕವಿದೆ. ಎದುರು ಕೂತವರ ಮುಖ ಕಾಣಬೇಕು, ಬಲ್ಬು ಯಾರ ಕಣ್ಣಿಗೂ ಚುಚ್ಚಬಾರದು, ಬೆಳಕು ತಟ್ಟೆಗಳ ಮೇಲೆ ಬಿದ್ದು ಕೋಣೆಯ ಮೂಲೆಗಳು ಮಬ್ಬಾಗಿಯೇ ಉಳಿಯಬೇಕು. ಡೇನಿಷ್ ವಿನ್ಯಾಸಕ ಪೌಲ್ ಹೆನ್ನಿಂಗ್ಸನ್ 1920ರ ದಶಕದಲ್ಲಿ ಲೂಯಿಸ್ ಪೌಲ್ಸನ್ ಕಂಪನಿಗೆ ಮೂರು ಹೊದಿಕೆಗಳ ದೀಪ ವಿನ್ಯಾಸ ಮಾಡಿದ್ದು ಇದೇ ತಲೆನೋವಿಗೆ ಪರಿಹಾರವಾಗಿ. 1958ರಲ್ಲಿ ಅವನದೇ ಪಿಎಚ್ 5 ಬಂತು. ಇವತ್ತಿಗೂ ಡೇನಿಷ್ ಅಡುಗೆಮನೆಗಳಲ್ಲಿ ಅದು ಮಾಮೂಲು ದೀಪ.

ಬೆಂಗಳೂರಿನಲ್ಲಿ ನೋವೋ ನಾರ್ಡಿಸ್ಕ್‌ನಂಥ ಡೇನಿಷ್ ಕಂಪನಿಗಳ ಕಚೇರಿಗಳಿವೆ, ಅವುಗಳ ಜೊತೆ ಒಂದಷ್ಟು ಸಂಸಾರಗಳೂ ಬಂದು ಹೋಗುತ್ತವೆ. ಬಾಡಿಗೆ ಫ್ಲಾಟಿನ ಬಾಗಿಲು ತೆರೆದರೆ ಅವರನ್ನು ಎದುರುಗೊಳ್ಳುವುದು ಸೂರಿಗೆ ಅಂಟಿಸಿದ 6500 ಕೆಲ್ವಿನ್‌ನ ಬಿಳಿ ಬೆಳಕು (ಕೆಲ್ವಿನ್ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಬೆಳಕು ಹಳದಿ). ಡೇನಿಷ್ ಕಣ್ಣಿಗೆ ಅದು ಆಸ್ಪತ್ರೆಯ ವಾರ್ಡು. ಕಂಬಳಿ, ಉಣ್ಣೆ ಕಾಲುಚೀಲ, ಸುವಾಸನೆಯ ಮೇಣದಬತ್ತಿ ಕೊಳ್ಳಲು ಹೊರಡುವ ಮೊದಲು ಮಾಡಬೇಕಾದ ಕೆಲಸ ಒಂದೇ: 2700 ಕೆಲ್ವಿನ್‌ನ ಬಲ್ಬುಗಳನ್ನು ತಂದು, ಸೂರಿನ ದೀಪ ಆರಿಸಿ, ಒಂದು ಕೋಣೆಗೆ ಮೂರು ನಾಲ್ಕು ಗಿಡ್ಡ ದೀಪಗಳನ್ನು ಕೂತವರ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಇಡುವುದು. ಪ್ಯಾಕೆಟ್ಟಿನ ಮೇಲಿನ ‘ವಾರ್ಮ್ ವೈಟ್’ ಎಂಬ ಮಾತನ್ನು ನಂಬಬೇಡಿ. 3000, ಕೆಲವೊಮ್ಮೆ ಅದಕ್ಕೂ ಹೆಚ್ಚು ಕೆಲ್ವಿನ್‌ನ ಬಲ್ಬುಗಳೂ ಅದೇ ಹೆಸರಿನಲ್ಲಿ ಸಿಗುತ್ತವೆ, ಅಂಕಿ ನೋಡಿಯೇ ತನ್ನಿ.

2016ರ ಸುಮಾರಿಗೆ ‘ಹ್ಯೂಗೆ’, ಅಂದರೆ ಡೇನರ ಬೆಚ್ಚಗಿನ ಆಪ್ತತೆ, ಜಗತ್ತಿನ ಅಂಗಡಿಗಳಲ್ಲೆಲ್ಲ ಮಾರಾಟದ ಸರಕಾಯಿತು. ಆಗಿನಿಂದ ಡೇನಿಷ್ ಬೆಚ್ಚಗಿನ ಬದುಕು ಎಂದರೆ ಸಾಮಾನುಗಳ ಪಟ್ಟಿ ಎಂಬ ಭಾವನೆ ಬೇರುಬಿಟ್ಟಿದೆ. ಪರದೇಶದಲ್ಲಿ ವರ್ಷಗಟ್ಟಲೆ ನೆಲೆಸಿರುವ ಡೇನಿಷ್ ಕುಟುಂಬಗಳನ್ನು ನೋಡಿದರೆ ಕಥೆ ಬೇರೆ. ಸಾಮಾನು ಮೊದಲ ವರ್ಷದಲ್ಲೇ ಮೂಲೆ ಸೇರುತ್ತದೆ. ಉಳಿಯುವುದು ವಾರ: ಯಾವ ದಿನ ಏನು, ಯಾರು ಮಾಡುತ್ತಾರೆ, ಎಷ್ಟು ಹೊತ್ತಿಗೆ. ಅದರಲ್ಲಿ ಬೇಸರದ ಕೆಲಸವೂ ಸಾಕಷ್ಟಿದೆ. ಅದನ್ನು ಯಾರೂ ಫೋಟೋ ತೆಗೆಯುವುದಿಲ್ಲ.

ಮೇಣದಬತ್ತಿಯ ವಿಷಯಕ್ಕೆ ಬರೋಣ. ಡಿಸೆಂಬರ್ ಕೊನೆಯಲ್ಲಿ ಕೋಪನ್‌ಹೇಗನ್‌ನಲ್ಲಿ ಮಧ್ಯಾಹ್ನ 3:40ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಹಗಲು ಬರೀ 7 ಗಂಟೆ. ಅಲ್ಲಿ ಬೆಳಿಗ್ಗೆ ತಿಂಡಿಗೂ ಬತ್ತಿ ಹಚ್ಚುವುದು ಸಹಜ. ಬೆಂಗಳೂರಿನಲ್ಲಿ ಅದೇ ತಿಂಗಳು ಆರು ಗಂಟೆಯವರೆಗೆ ಬೆಳಕಿರುತ್ತದೆ. ಹಾಗಾಗಿ ಬತ್ತಿಯನ್ನು ರಾತ್ರಿಯ ಊಟಕ್ಕೆ ಮಾತ್ರ ಸೀಮಿತಗೊಳಿಸಿದವರು ಅದನ್ನು ಉಳಿಸಿಕೊಂಡಿದ್ದಾರೆ, ಇಡೀ ದಿನದ ವಾತಾವರಣ ಕಟ್ಟಲು ಹೋದವರು ಸೋತಿದ್ದಾರೆ. ಇನ್ನು ಫ್ಯಾನು ದೊಡ್ಡ ಶತ್ರು. ಗಾಳಿಗೆ ಜ್ವಾಲೆ ವಾಲಿದರೆ ಬತ್ತಿ ಒಂದೇ ಪಕ್ಕ ಕರಗಿ ಮೇಣ ಮೇಜಿಗೆ ಹರಿಯುತ್ತದೆ, ಉರಿ ಪೂರ್ತಿಯಾಗದೆ ಮಸಿಯೂ ಹೆಚ್ಚುತ್ತದೆ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಊಟದ ಹೊತ್ತಿಗೆ ಫ್ಯಾನು ನಿಲ್ಲಿಸಬಹುದು. ಮಂಗಳೂರಿನಲ್ಲಿ ಆಗದ ಮಾತು, ಅಲ್ಲಿ ಉದ್ದನೆ ಗಾಜಿನ ಲೋಟದ ತಳದಲ್ಲಿ ಪುಟ್ಟ ಬತ್ತಿ ಇಡುವುದೇ ಉಪಾಯ. ಉದ್ದನೆ ತೆಳ್ಳನೆ ಬತ್ತಿಗಳನ್ನು ಬೇಸಿಗೆಯಲ್ಲಿ ನಿಲ್ಲಿಸಿಡಬೇಡಿ, ಬಾಗುತ್ತವೆ. ಕಾಗದದಲ್ಲಿ ಸುತ್ತಿ ಮಲಗಿಸಿಡಿ. ಸಿಕ್ಕರೆ ಪೆಟ್ರೋಲಿಯಂ ಮೇಣವಾದ ಪ್ಯಾರಫಿನ್‌ಗಿಂತ ಕೊಬ್ಬಿನಿಂದ ಮಾಡುವ ಸ್ಟಿಯರಿನ್ ವಾಸಿ: ಕಡಿಮೆ ಹನಿಯುತ್ತದೆ, ಹೊಗೆಯೂ ಕಡಿಮೆ. ದಾರವನ್ನು ಪ್ರತಿ ಸಲ ಅರ್ಧ ಸೆಂಟಿಮೀಟರಿಗೆ ಕತ್ತರಿಸಿ. ಮನೆಯಲ್ಲಿ ಆಸ್ತಮಾದ ಮಗುವಿದ್ದರೆ ಈ ಪ್ಯಾರಾ ಮರೆತುಬಿಡಿ, ಗಿಡ್ಡ ದೀಪಗಳೇ ಸಾಕು.

ಡಿಸೆಂಬರ್‌ಗೆಂದೇ ಇನ್ನೊಂದು ಬತ್ತಿಯಿದೆ. ಅದರ ಮೈಮೇಲೆ ಮೇಲಿನಿಂದ ಕೆಳಕ್ಕೆ 1ರಿಂದ 24ರವರೆಗೆ ಅಂಕಿಗಳು. ದಿನಕ್ಕೊಂದು ಅಂಕಿ ಸುಡಬೇಕು, 24ರಂದು ಸಂಜೆ ಹಬ್ಬ. ಡೇನರಿಗೆ ಕ್ರಿಸ್‌ಮಸ್ 25 ಅಲ್ಲ, 24ರ ರಾತ್ರಿ. ಬತ್ತಿ ಹಚ್ಚುವುದು ಸುಲಭ, ಆರಿಸಲು ನೆನಪಿರುವುದೇ ಕಷ್ಟ. ಮಕ್ಕಳ ಜಗಳ ಬಿಡಿಸಿ ಬರುವಷ್ಟರಲ್ಲಿ 9ರಿಂದ 12ಕ್ಕೆ ಇಳಿದಿರುತ್ತದೆ. ಹಾಗಾದರೆ ಮುಂದಿನ ಎರಡು ದಿನ ಹಚ್ಚದೆ ಬಿಡುವುದು, ಅಷ್ಟೇ. ಇದರ ಜೊತೆಗೆ ಟಿವಿಯಲ್ಲಿ 24 ಕಂತುಗಳ ಮಕ್ಕಳ ಧಾರಾವಾಹಿ. 1962ರಿಂದ ಡೇನಿಷ್ ಟಿವಿ ಇದನ್ನು ರೂಢಿ ಮಾಡಿಸಿದೆ. ಹೊರದೇಶದ ಕುಟುಂಬಗಳು ಅದನ್ನು ಸಮಯ ವ್ಯತ್ಯಾಸ ನೋಡಿಕೊಂಡು ಮಾರನೇ ದಿನ ನೋಡುತ್ತವೆ. ಎಲ್ಲ ಕಂತುಗಳನ್ನೂ ಒಂದೇ ಸಲ ಕೂತು ನೋಡಲು ಬಿಟ್ಟರೆ ಆಟ ಕೆಟ್ಟಿತು. ಒಂದು ದಿನ ಕಾಯುವುದೇ ಇದರ ಹುರುಳು.

24ರ ರಾತ್ರಿಯ ಕೊನೆಯ ತಿನಿಸು ರಿಸಲಮಾಂಡ್. ಅನ್ನದ ಗಂಜಿಗೆ ಕೆನೆ ಬೆರೆಸಿ ತಣ್ಣಗೆ ಮಾಡಿದ್ದು, ಮೇಲೆ ಬಿಸಿ ಚೆರ್ರಿ ಸಾರು. ಮೊದಲ ಹಂತವಾದ ಗಂಜಿಯನ್ನು ಡಿಸೆಂಬರ್ ಪೂರ್ತಿ ರಾತ್ರಿಯೂಟಕ್ಕೇ ಮಾಡುತ್ತಾರೆ. ನಾಲ್ವರಿಗೆ ಅಳತೆ ಹೀಗೆ: 180 ಗ್ರಾಂ ಗುಂಡನೆ ಗಿಡ್ಡ ಅಕ್ಕಿ, 150 ಮಿಲಿ ನೀರು, 1 ಲೀಟರ್ ಗಟ್ಟಿ ಹಾಲು. ಅಕ್ಕಿಯನ್ನು ನೀರಿನಲ್ಲಿ ಎರಡು ನಿಮಿಷ ಕುದಿಸಿ ಆಮೇಲೆ ಹಾಲು ಹೊಯ್ಯಬೇಕು. ನೀರು ಅಕ್ಕಿಗೆ ಮೊದಲು ಇಳಿದಿದ್ದರೆ ಹಾಲು ತಳ ಹಿಡಿಯುವುದು ಕಡಿಮೆ. ಕುದಿ ಬರುವವರೆಗೆ ಕೈಬಿಡದೆ ತಿರುವಿ, ಮುಚ್ಚಳ ಹಾಕಿ, ಅತಿ ಸಣ್ಣ ಉರಿಯಲ್ಲಿ 35ರಿಂದ 40 ನಿಮಿಷ, ನಡುನಡುವೆ ತಳ ಕೆದಕುತ್ತಾ. ಉಪ್ಪು ಕೊನೆಗೆ. ತಟ್ಟೆಯಲ್ಲಿ ದಾಲ್ಚಿನ್ನಿ ಸಕ್ಕರೆ ಉದುರಿಸಿ ನಡುವೆ ಒಂದು ತುಂಡು ಬೆಣ್ಣೆ ಇಟ್ಟರೆ ಊಟ ತಯಾರು.

ಇಲ್ಲಿ ಅಕ್ಕಿಯ ಆಯ್ಕೆಯೇ ಎಡವಟ್ಟು. ಬಾಸುಮತಿ ಬಿಡಿಬಿಡಿಯಾಗಿ ನಿಲ್ಲುತ್ತದೆ, ಅದರಲ್ಲಿ ಅಮೈಲೋಸ್ ಎಂಬ ಅಂಟದ ಪಿಷ್ಟ ಹೆಚ್ಚು. ಕುಸುಬಲಕ್ಕಿ ಭತ್ತದಲ್ಲಿದ್ದಾಗಲೇ ಬೆಂದು ಪಿಷ್ಟ ಗಟ್ಟಿಕಟ್ಟಿಕೊಂಡಿರುವುದರಿಂದ ಹಾಲಿಗೆ ಏನನ್ನೂ ಬಿಟ್ಟುಕೊಡುವುದಿಲ್ಲ. ಸೋನಾ ಮಸೂರಿ ಬಿಸಿಯಿದ್ದಾಗ ಮೋಸವಿಲ್ಲ, ಆದರೆ ಫ್ರಿಜ್‌ನಲ್ಲಿ ಒಂದು ರಾತ್ರಿ ಕಳೆದರೆ ಕಾಳು ಗಡುಸಾಗುತ್ತದೆ, ರಿಸಲಮಾಂಡ್‌ಗೆ ಅದು ಆಗದು. ಇಟಲಿಯ ಅರ್ಬೋರಿಯೋ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ, ಅದು ಸರಿಹೊಂದುತ್ತದೆ. ತಣ್ಣಗಾದ ಗಂಜಿಗೆ ಸಕ್ಕರೆ, ವೆನಿಲ್ಲಾ, ಸಿಪ್ಪೆ ತೆಗೆದು ಕೊಚ್ಚಿದ 100 ಗ್ರಾಂ ಬಾದಾಮಿ, ನೊರೆಗಟ್ಟುವಂತೆ ಕಡೆದ 400 ಮಿಲಿ ಕೆನೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 25 ಶೇಕಡಾ ಕೊಬ್ಬಿನ ಡಬ್ಬಿ ಕ್ರೀಮು ಎಷ್ಟು ಕಡೆದರೂ ನಿಲ್ಲುವುದಿಲ್ಲ. 35 ಶೇಕಡಾ ಬೇಕು, ಪಾತ್ರೆಯೂ ಫ್ರಿಜ್‌ನಿಂದ ಆಗಷ್ಟೇ ತೆಗೆದಿರಬೇಕು.

ಕೊನೆಗೆ ಒಂದು ಇಡೀ ಬಾದಾಮಿಯನ್ನು ಒಳಗೆ ಹುದುಗಿಸುತ್ತಾರೆ. ಸಿಕ್ಕವರಿಗೆ ಉಡುಗೊರೆ. ಸಿಕ್ಕವರು ದವಡೆಯಲ್ಲಿ ಅಡಗಿಸಿಕೊಂಡು ಸುಮ್ಮನಿರುತ್ತಾರೆ, ಹೊಟ್ಟೆ ಬಿರಿಯುತ್ತಿದ್ದರೂ ಉಳಿದವರು ತಿನ್ನುತ್ತಲೇ ಇರಬೇಕು. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ದೊಡ್ಡವರ ಜೇಬಿನಲ್ಲಿ ಎರಡನೆಯ, ಮೂರನೆಯ ಬಾದಾಮಿ ತಯಾರಿರುತ್ತದೆ. ಇದನ್ನು ಮೋಸ ಎಂದು ಯಾರೂ ಕರೆಯುವುದಿಲ್ಲ.

ಹಬ್ಬ ವರ್ಷಕ್ಕೊಂದು ಸಲ, ರೊಟ್ಟಿ ದಿನಾ. ಹಾಗಾಗಿ ಊರು ಬಿಟ್ಟ ಡೇನರಿಗೆ ನಿಜವಾಗಿ ಕಾಡುವುದು ಗೋಧಿಯ ಜಾತಿಯ ಚಳಿನಾಡಿನ ಧಾನ್ಯವಾದ ರೈಯ ರೊಟ್ಟಿ, ಅವರ ರೂಬ್ರೋಡ್. ಕಪ್ಪಗೆ, ಇಟ್ಟಿಗೆಯಷ್ಟು ತೂಕ, ಹುಳಿ. 2 ಲೀಟರಿನ ಉದ್ದ ಅಚ್ಚಿಗೆ: 150 ಗ್ರಾಂ ರೈ ಹುಳಿಹಿಟ್ಟು, 350 ಗ್ರಾಂ ರೈ ಹಿಟ್ಟು, 250 ಗ್ರಾಂ ನುಚ್ಚು ಮಾಡಿದ ರೈ ಕಾಳು, 100 ಗ್ರಾಂ ಸೂರ್ಯಕಾಂತಿ ಬೀಜ, 50 ಗ್ರಾಂ ಅಗಸೆ, 600 ಮಿಲಿ ನೀರು, 15 ಗ್ರಾಂ ಉಪ್ಪು, ಒಂದು ಚಮಚ ಮಾಲ್ಟ್ ಪಾಕ ಅಥವಾ ಜೇನು. ನಾದುವ ಕೆಲಸವಿಲ್ಲ, ಕಲಸಿದರೆ ಗಟ್ಟಿ ಗಂಜಿಯಂತಿರುತ್ತದೆ. ಮುಂದಿನ ಸಲಕ್ಕೆ ಹುಳಿಹಿಟ್ಟು ಬೇಕಲ್ಲ, ಅದನ್ನು ಉಪ್ಪು ಹಾಕುವ ಮೊದಲೇ ತೆಗೆದಿಡಿ. ಅಚ್ಚಿಗೆ ಹಾಕಿದ ಹಿಟ್ಟು ಉಬ್ಬಲು ಡೆನ್ಮಾರ್ಕಿನ ಅಡುಗೆಮನೆಯಲ್ಲಿ 12 ಗಂಟೆ ಬೇಕಾದರೆ, 28–30 ಡಿಗ್ರಿಯ ಕೋಣೆಯಲ್ಲಿ 6ರಿಂದ 8 ಗಂಟೆ ಸಾಕು. ಅಚ್ಚಿನ ಅಂಚಿನ ಹತ್ತಿರ ಬಂದು ಮೇಲೆ ಸಣ್ಣ ತೂತುಗಳು ಕಂಡೊಡನೆ ಓವನ್ನಿಗೆ. 180 ಡಿಗ್ರಿ, 75ರಿಂದ 80 ನಿಮಿಷ, ನಡುವಿನ ಬಿಸಿ 98 ಡಿಗ್ರಿ ತಲುಪುವವರೆಗೆ.

ಮೊದಲ ಸಲ ಮಾಡಿದವರೆಲ್ಲರ ದೂರು ಒಂದೇ: ಒಳಗೆ ಅಂಟಂಟು. ಕಾರಣ ಎರಡು. ರೈಯಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಚುರುಕಾಗಿರುತ್ತದೆ, ಅದನ್ನು ತಡೆಯುವುದು ಹುಳಿ. ಹುಳಿ ಸಾಲದೆ ಬೇಯಿಸಿದರೆ ಓವನ್ನಿನೊಳಗೇ ಪಿಷ್ಟ ಕರಗಿ ಅಂಟಾಗುತ್ತದೆ. ಹಾಗಾಗಿ ರೈ ರೊಟ್ಟಿಯಲ್ಲಿ ಹುಳಿ ಬರೀ ರುಚಿಗಲ್ಲ, ಯೀಸ್ಟು ಮಾತ್ರ ಹಾಕಿ ದಾರಿ ಹತ್ತಿರ ಮಾಡಿಕೊಳ್ಳಲು ಆಗುವುದಿಲ್ಲ. ಎರಡನೆಯದು ಅವಸರ. ಬಟ್ಟೆ ಸುತ್ತಿ ಒಂದು ಹಗಲು ಒಂದು ರಾತ್ರಿ ಬಿಟ್ಟ ಮೇಲೆಯೇ ಚಾಕು ಹಾಕಬೇಕು. ಹಬೆಯಾಡುವ ರೊಟ್ಟಿ ಕತ್ತರಿಸುವ ಆಸೆಯನ್ನು ಗೋಧಿಗೆ ಇಟ್ಟುಕೊಳ್ಳಿ.

ರೈ ಹಿಟ್ಟು ಇಲ್ಲಿ ದುಬಾರಿ, ಹುಳವೂ ಬೇಗ ಬೀಳುತ್ತದೆ, ಫ್ರೀಜರ್‌ನಲ್ಲಿಡುವುದು ಒಳ್ಳೆಯದು. ಬಣ್ಣ ನೋಡಿ ರಾಗಿಯಲ್ಲಿ ಮಾಡಬಹುದೇ ಎಂದು ಕೇಳುವವರಿದ್ದಾರೆ. ಪೂರ್ತಿ ರಾಗಿಯಲ್ಲಿ ಆಗದು. ರೈ ರೊಟ್ಟಿಯನ್ನು ಹಿಡಿದಿಡುವುದು ಗ್ಲುಟೆನ್‌ಗಿಂತ ಹೆಚ್ಚಾಗಿ ನೀರು ಹೀರಿ ಲೋಳೆಯಾಗುವ ಪೆಂಟೋಸಾನ್ ಎಂಬ ನಾರು. ರಾಗಿಯಲ್ಲಿ ಆ ಹಿಡಿತ ಇಲ್ಲದ್ದರಿಂದ ಹೋಳು ಕೈಯಲ್ಲೇ ಪುಡಿಯಾಗುತ್ತದೆ. ಹಿಟ್ಟಿನ ಕಾಲು ಭಾಗ ರಾಗಿ ಸೇರಿಸಿದರೆ ಮೋಸವಿಲ್ಲ.

ಈ ರೊಟ್ಟಿ ಮಕ್ಕಳ ಶಾಲೆಯ ಡಬ್ಬಿಗೆ ಹೋಗುತ್ತದೆ. ಡೆನ್ಮಾರ್ಕಿನಲ್ಲಿ ಬಹುಪಾಲು ಮಕ್ಕಳು ಮನೆಯಿಂದಲೇ ಊಟ ಒಯ್ಯುತ್ತಾರೆ: ಮುಚ್ಚದೆ ಬಿಟ್ಟ ರೊಟ್ಟಿ ಹೋಳುಗಳು, ಒಂದರ ಮೇಲೊಂದು ಇಡಲು ನಡುವೆ ಬೆಣ್ಣೆಕಾಗದದ ಚೌಕ, ಪಕ್ಕದಲ್ಲಿ ಕ್ಯಾರೆಟ್ ಕಡ್ಡಿ. ಹೋಳಿನ ಅಂಚಿನವರೆಗೂ ಬೆಣ್ಣೆ ಸವರುವುದು ಕಡ್ಡಾಯ. ಮೇಲಿನ ತೇವ ರೊಟ್ಟಿಗೆ ಇಳಿಯದಂತೆ ಅದು ತಡೆಯುತ್ತದೆ. ಅಲ್ಲಿನ ಮಕ್ಕಳ ಅಚ್ಚುಮೆಚ್ಚಿನ ಹಂದಿ ಯಕೃತ್ತಿನ ಪೇಸ್ಟು ಬೆಂಗಳೂರಿನ ಎಷ್ಟೋ ಶಾಲೆಗಳ ನಿಯಮಕ್ಕೆ ಹೊಂದುವುದಿಲ್ಲ. ಅದಕ್ಕೆ ಹುಡುಕಾಡಬೇಕಿಲ್ಲ, ಅಪ್ಪಟ ಡೇನಿಷ್ ಸಸ್ಯಾಹಾರಿ ಹೋಳೇ ಇದೆ: ಬೇಯಿಸಿ ತಣಿಸಿದ ಆಲೂಗಡ್ಡೆಯ ಬಿಲ್ಲೆಗಳು, ಉಪ್ಪು, ಹಸಿ ಈರುಳ್ಳಿಸೊಪ್ಪು, ಕರಿದ ಈರುಳ್ಳಿ. ಮೇಯನೇಸ್ ಮಾತ್ರ ಬಿಸಿಲುಗಾಲದಲ್ಲಿ ಬೇಡ. ಕರಿದ ಈರುಳ್ಳಿಯನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿ, ಇಲ್ಲದಿದ್ದರೆ ಮಧ್ಯಾಹ್ನಕ್ಕೆ ಮೆತ್ತಗಾಗಿರುತ್ತದೆ.

ಶುಕ್ರವಾರ ಸಂಜೆ ಮಿಠಾಯಿಯ ಸಂಜೆ. ವಾರವಿಡೀ ಇಲ್ಲ, ಅವತ್ತು ಒಂದು ಬಟ್ಟಲು, ಎಲ್ಲರೂ ಒಂದೇ ಸೋಫಾದಲ್ಲಿ ಕೂತು ಒಂದೇ ಕಾರ್ಯಕ್ರಮ ನೋಡುವುದು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಫೋನಿದ್ದರೆ ಅದು ಲೆಕ್ಕಕ್ಕಿಲ್ಲ. ಹುಟ್ಟುಹಬ್ಬಕ್ಕೆ ಬೆಳಿಗ್ಗೆಯೇ ಮನೆಯವರೆಲ್ಲ ಮಗುವಿನ ಹಾಸಿಗೆಯ ಬಳಿ ನಿಂತು ಹಾಡುತ್ತಾರೆ, ಮೇಜಿನ ತುಂಬ ಪುಟ್ಟ ಪುಟ್ಟ ರಾಷ್ಟ್ರಧ್ವಜಗಳು. ಡೇನರಿಗೆ ಬಾವುಟ ಸರಕಾರಿ ವಸ್ತುವಲ್ಲ, ಸಂಭ್ರಮದ ವಸ್ತು. 1219ರ ಜೂನ್ 15ರಂದು ಈಗಿನ ಎಸ್ಟೋನಿಯಾದ ಕದನದಲ್ಲಿ ಅದು ಆಕಾಶದಿಂದ ಬಿತ್ತೆಂದು ಐತಿಹ್ಯ. ನೆರೆಹೊರೆಯವರಿಗೆ ಮೊದಲೇ ವಿವರಿಸಿಡುವುದು ಮೇಲು, ಏನೋ ರಾಷ್ಟ್ರೀಯ ಹಬ್ಬ ಎಂದುಕೊಳ್ಳುತ್ತಾರೆ. ಕೇಕು ಮನುಷ್ಯಾಕಾರದ್ದು. ಹುಟ್ಟುಹಬ್ಬದ ಮಗು ಮೊದಲು ಅದರ ಕುತ್ತಿಗೆ ಕತ್ತರಿಸುತ್ತದೆ, ಉಳಿದ ಮಕ್ಕಳು ಬಾಯಿ ಹರಿಯುವಂತೆ ಕಿರುಚಬೇಕು. ಇದು ಮಾತ್ರ ಯಾವ ದೇಶದ ಮಕ್ಕಳಿಗೂ ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ಕರ್ನಾಟಕದ ಅಡುಗೆಮನೆಗೂ ಡೇನಿಷ್ ಡಿಸೆಂಬರ್‌ಗೂ ನಿಜವಾದ ಒಂದು ಕೊಂಡಿಯಿದೆ. ಅವರ ಏಬ್ಲೆಸ್ಕೀವರ್ ಎಂಬ ಗುಂಡು ತಿಂಡಿಗೆ ಬಳಸುವ ಗುಳಿಗುಳಿ ಕಾವಲಿ ನಮ್ಮ ಪಡ್ಡಿನ ಕಾವಲಿಯ ಜಾತಿಯದೇ. ನಮ್ಮದರ ಗುಳಿ ಚಿಕ್ಕದು, ಆಳ ಕಡಿಮೆ, ಹಾಗಾಗಿ ತಿಂಡಿಯೂ ಪುಟ್ಟದಾಗುತ್ತದೆ, ಅಷ್ಟೇ. ಹಿಟ್ಟಿಗೆ 250 ಗ್ರಾಂ ಮೈದಾ, 3 ಮೊಟ್ಟೆ, 400 ಮಿಲಿ ಮಜ್ಜಿಗೆ, ಒಂದು ದೊಡ್ಡ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಮುಕ್ಕಾಲು ಚಮಚ ಅಡುಗೆ ಸೋಡಾ, ಒಂದು ಚಮಚ ಏಲಕ್ಕಿ ಪುಡಿ, ನಿಂಬೆ ಸಿಪ್ಪೆಯ ತುರಿ. ಅವರ ಮಜ್ಜಿಗೆ ನಮ್ಮದಕ್ಕಿಂತ ಗಟ್ಟಿ, ಆದ್ದರಿಂದ ಮೂರು ಪಾಲು ಮೊಸರಿಗೆ ಒಂದು ಪಾಲು ಹಾಲು ಸೇರಿಸಿ ಕಡೆಯಿರಿ. ಏಲಕ್ಕಿ ಡೇನಿಷ್ ಬೇಕರಿಯ ಹಳೆಯ ಸಂಗಾತಿ, ಸಕಲೇಶಪುರದ ಕಡೆಯದು ಸಿಕ್ಕರೆ ಅವರಿಗಿಂತ ನಿಮಗೇ ಒಳ್ಳೆಯ ಮಾಲು ಸಿಕ್ಕಂತೆ. ಮೊಟ್ಟೆಯ ಬಿಳಿಯನ್ನು ಬೇರೆ ಕಡೆದು ಕೊನೆಗೆ ಹಗುರವಾಗಿ ಬೆರೆಸಬೇಕು.

ವ್ಯತ್ಯಾಸ ಇರುವುದು ಮಗುಚುವುದರಲ್ಲಿ. ಪಡ್ಡನ್ನು ನಾವು ಒಂದೇ ಸಲ ತಲೆಕೆಳಗು ಮಾಡುತ್ತೇವೆ. ಏಬ್ಲೆಸ್ಕೀವರನ್ನು ಹಾಗೆ ಮಾಡಿದರೆ ಬಿಲ್ಲೆಯಾಗುತ್ತದೆ, ಉಂಡೆಯಾಗುವುದಿಲ್ಲ. ಪ್ರತಿ ಗುಳಿಗೂ ಬೆಣ್ಣೆ ಸವರಿ ಮುಕ್ಕಾಲು ತುಂಬಿ. ಅಂಚು ಗಟ್ಟಿಯಾಗಿ ನಡುವೆ ಇನ್ನೂ ದ್ರವವಿದ್ದಾಗ ಉಣ್ಣೆ ಹೆಣೆಯುವ ಕಡ್ಡಿಯಿಂದ ಕಾಲು ಸುತ್ತು ಮಾತ್ರ ತಿರುಗಿಸಿ. ಬೆಂದ ಚಿಪ್ಪು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ಒಳಗಿನ ಹಿಟ್ಟು ಖಾಲಿಯಾದ ಗುಳಿಗೆ ಹರಿಯುತ್ತದೆ. ಅರ್ಧ ನಿಮಿಷ ಬಿಟ್ಟು ಅದೇ ದಿಕ್ಕಿಗೆ ಇನ್ನೊಂದು ಕಾಲು ಸುತ್ತು, ಆಮೇಲೆ ಮತ್ತೊಂದು. ಕೊನೆಯ ಸಂದು ಮುಚ್ಚಿಕೊಂಡಾಗ ಪೂರ್ತಿ ಗೋಲ. ಉರಿ ಜೋರಾಗಿದ್ದರೆ ಹೊರಗೆ ಕಪ್ಪು, ಒಳಗೆ ಹಸಿ. ತಡಮಾಡಿದರೆ ಹರಿಯಲು ಹಿಟ್ಟೇ ಉಳಿದಿರುವುದಿಲ್ಲ. ಜಾಮ್ ಮತ್ತು ಸಕ್ಕರೆ ಪುಡಿಯಲ್ಲಿ ಅದ್ದಿ ತಿನ್ನುವುದು ಪದ್ಧತಿ. ಡೇನಿಷ್ ವಲಸಿಗರು 1911ರಲ್ಲಿ ಕಟ್ಟಿದ ಕ್ಯಾಲಿಫೋರ್ನಿಯಾದ ಸಾಲ್ವಾಂಗ್ ಊರಿನಲ್ಲಿ ಇದು ಈಗ ವರ್ಷವಿಡೀ ಬೆಳಗಿನ ತಿಂಡಿ. ಡೆನ್ಮಾರ್ಕಿನವರಿಗೆ ಅದು ವಿಚಿತ್ರ, ಅವರಿಗೆ ಇದು ಡಿಸೆಂಬರ್ ಸಂಜೆಯದು. ವಲಸೆ ಹೋದ ಪದ್ಧತಿ ತನ್ನ ಕ್ಯಾಲೆಂಡರ್ ಕಳೆದುಕೊಂಡರೆ ಮೆನು ಆಗಿಬಿಡುತ್ತದೆ. ನನ್ನ ಮಟ್ಟಿಗೆ ಅದೊಂದು ನಷ್ಟವೇ.

ಕೈಗೆ ಕೆಲಸ ಕೊಡುವ ಇನ್ನೊಂದು ಸಂಗತಿ ನೇಯ್ದ ಕಾಗದದ ಹೃದಯ. ಉಳಿದಿರುವ ಅತಿ ಹಳೆಯದನ್ನು 1860ರ ಸುಮಾರಿಗೆ ಮಕ್ಕಳ ಕಥೆಗಾರ ಎಚ್. ಸಿ. ಆಂಡರ್ಸನ್ ಮಾಡಿದ್ದೆನ್ನುತ್ತಾರೆ. ಕೆಂಪು, ಬಿಳಿ ಎರಡು ಕಾಗದ, ಒಂದೊಂದೂ 6 ಸೆಂ.ಮೀ. ಅಗಲ, 19 ಸೆಂ.ಮೀ. ಉದ್ದ. ಉದ್ದವನ್ನು ಅರ್ಧಕ್ಕೆ ಮಡಚಿ, ತೆರೆದ ತುದಿಯನ್ನು ಅರ್ಧಚಂದ್ರವಾಗಿ ಕತ್ತರಿಸಿ. ಮಡಿಕೆಯ ಕಡೆಯಿಂದ 2 ಸೆಂ.ಮೀ. ಅಂತರದಲ್ಲಿ ಎರಡು ಸೀಳು, ತಲಾ 6.5 ಸೆಂ.ಮೀ. ಅಗಲಕ್ಕಿಂತ ಸೀಳು ಅರ್ಧ ಸೆಂಟಿಮೀಟರ್ ಉದ್ದ ಇರಲೇಬೇಕು, ಇಲ್ಲದಿದ್ದರೆ ಕೊನೆಯ ಪಟ್ಟಿ ತೂರಿಸುವಾಗ ಕಾಗದ ಹರಿಯುವುದು ಖಾತ್ರಿ. ಈಗ ಎರಡನ್ನೂ ಅಡ್ಡಡ್ಡ ಹಿಡಿದು ನೇಯಬೇಕು. ಚಾಪೆಯಂತೆ ಮೇಲೆ ಕೆಳಗೆ ಅಲ್ಲ. ಪ್ರತಿ ಪಟ್ಟಿಯೂ ಎರಡು ಪದರ, ಕೆಂಪು ಪಟ್ಟಿ ಮೊದಲ ಬಿಳಿ ಪಟ್ಟಿಯ ಪದರಗಳ ಒಳಗೆ ತೂರುತ್ತದೆ, ಎರಡನೆಯದನ್ನು ತನ್ನ ಒಳಗೆ ಬಿಟ್ಟುಕೊಳ್ಳುತ್ತದೆ, ಮೂರನೆಯದರ ಒಳಗೆ ಮತ್ತೆ ತೂರುತ್ತದೆ. ಮುಂದಿನ ಪಟ್ಟಿ ಇದಕ್ಕೆ ತದ್ವಿರುದ್ಧ. ಮುಗಿದ ಮೇಲೆ ಚೀಲದಂತೆ ಬಾಯಿ ತೆರೆದರೆ ಸರಿ, ತೆರೆಯದಿದ್ದರೆ ಎಲ್ಲೋ ಒಂದು ಪಟ್ಟಿ ಒಳಗಿನ ಬದಲು ಹೊರಗೆ ಹೋಗಿದೆ. ದಪ್ಪ ಚಾರ್ಟ್ ಪೇಪರ್ ಬೇಡ. ಆರು ವರ್ಷದ ಮಗು ಮೂರು ಪಟ್ಟಿಯದನ್ನು ಮಾಡಬಲ್ಲದು, ದೊಡ್ಡವರ ಸಹನೆ ಐದು ಪಟ್ಟಿಯದರಲ್ಲಿ ಬಯಲಾಗುತ್ತದೆ.

ಎಲ್ಲವೂ ಗಡಿ ದಾಟುವುದಿಲ್ಲ. ಜೂನ್ 23ರ ಬೆಂಕಿಹಬ್ಬ ರಾತ್ರಿ ಹತ್ತಾದರೂ ಬೆಳಕಿರುವ ಊರಿನದು. ವರ್ಷವಿಡೀ ಏಳರೊಳಗೆ ಸೂರ್ಯ ಮುಳುಗುವಲ್ಲಿ, ಅದೂ ಮುಂಗಾರಿನ ನಡುವೆ, ಒದ್ದೆ ಕಟ್ಟಿಗೆಗೆ ಬೆಂಕಿ ಹಚ್ಚಲು ಹೆಣಗುವುದರಲ್ಲಿ ಸುಖವಿಲ್ಲ. ಮಗುವನ್ನು ತಳ್ಳುಗಾಡಿಯಲ್ಲಿ ಹೋಟೆಲಿನ ಹೊರಗೆ ಮಲಗಿಸುವುದು ಡೆನ್ಮಾರ್ಕಿನಲ್ಲಿ ಮಾಮೂಲು, 1997ರಲ್ಲಿ ನ್ಯೂಯಾರ್ಕಿನಲ್ಲಿ ಹಾಗೆ ಮಾಡಿದ ಡೇನಿಷ್ ತಾಯಿಯನ್ನು ಪೊಲೀಸರು ಬಂಧಿಸಿದರು. ಇವೆರಡಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದು. ಡೇನಿಷ್ ಆಪ್ತತೆ ಬಾಗಿಲು ಮುಚ್ಚಿಕೊಂಡದ್ದು. ಬಾಲ್ಯದ ಗೆಳೆಯರು, ನೆಂಟರು, ವಾರಗಳ ಮೊದಲೇ ಗೊತ್ತುಮಾಡಿದ ದಿನ. ಹೇಳದೆ ಕೇಳದೆ ಬಂದವರಿಗೆ ಅಲ್ಲಿ ಕುರ್ಚಿ ಸಿಗುವುದು ಕಷ್ಟ. ಪರದೇಶದಲ್ಲಿ ಆ ಬಳಗವೇ ಇಲ್ಲವಾದ್ದರಿಂದ ಅದೇ ನಿಯಮ ಹಿಡಿದು ಕೂತ ಮನೆ ಒಂಟಿಯಾಗುತ್ತದೆ. ಬೆಂಗಳೂರಿನಂಥ ಕಡೆ, ಪಕ್ಕದ ಮನೆಯವರು ಗಂಟೆ ಒತ್ತಿ ನೇರ ಅಡುಗೆಮನೆಗೇ ಬರುವ ಊರಿನಲ್ಲಿ, ಗಂಜಿಯನ್ನು ಒಂದೂವರೆ ಪಟ್ಟು ಮಾಡಿಡುವುದೇ ಜಾಣತನ.

ಊಟವಾದ ಮೇಲೆ ಮಕ್ಕಳು ಅಡುಗೆ ಮಾಡಿದವರಿಗೆ ‘ತಾಕ್ ಫಾರ್ ಮೆಲ್’ ಎಂದು ಧನ್ಯವಾದ ಹೇಳಿಯೇ ಮೇಜು ಬಿಡಬೇಕೆಂಬ ರೂಢಿಗೆ ಕಾಸಿನ ಖರ್ಚಿಲ್ಲ. ಭಾಷೆ ಉಳಿಯುವುದೂ ಇಂಥ ದಿನಬಳಕೆಯ ಮಾತುಗಳಿಂದಲೇ. 1919ರಲ್ಲಿ ಹುಟ್ಟಿದ ಡೇನ್ಸ್ ವರ್ಲ್ಡ್‌ವೈಡ್ ಎಂಬ ಸಂಸ್ಥೆ ಹೊರನಾಡಿನ ಮಕ್ಕಳಿಗೆ ಆನ್‌ಲೈನ್ ಡೇನಿಷ್ ಪಾಠ, ಡೆನ್ಮಾರ್ಕಿನಲ್ಲೇ ಬೇಸಿಗೆ ಶಾಲೆ ನಡೆಸುತ್ತದೆ. ಬೇಸಿಗೆ ಶಾಲೆಗೆ ದುಡ್ಡು ಹಾಕುವುದು ಒಳ್ಳೆಯದು, ಅದಕ್ಕೆ ಒಂದು ಕಾನೂನಿನ ಕಾರಣವೂ ಇದೆ. ಹೊರದೇಶದಲ್ಲಿ ಹುಟ್ಟಿ, ಡೆನ್ಮಾರ್ಕಿನಲ್ಲಿ ಎಂದೂ ವಾಸಿಸದೆ, ಆ ದೇಶದೊಂದಿಗೆ ನಂಟನ್ನೂ ತೋರಿಸಲಾಗದ ಮಗು 22 ತುಂಬಿದಾಗ ಡೇನಿಷ್ ಪೌರತ್ವ ಕಳೆದುಕೊಳ್ಳಬಹುದು. ಉಳಿಸಿಕೊಳ್ಳುವ ಅರ್ಜಿ ಹಾಕಬೇಕಾದದ್ದು 21 ತುಂಬಿದ ಮೇಲೆ, 22ರೊಳಗೆ. 2015ರ ಸೆಪ್ಟೆಂಬರ್ 1ರಿಂದ ಡೆನ್ಮಾರ್ಕ್ ಎರಡು ಪೌರತ್ವಗಳನ್ನು ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಹಾಗಾಗಿ ಕನ್ನಡಿಗ–ಡೇನಿಷ್ ದಂಪತಿಗಳ ಎಷ್ಟೋ ಮಕ್ಕಳ ಕೈಯಲ್ಲಿರುವುದು ಡೇನಿಷ್ ಪಾಸ್‌ಪೋರ್ಟು ಮತ್ತು ಭಾರತೀಯ ಮೂಲದ ವಿದೇಶೀ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡು. ಮನೆಯಲ್ಲಿ ಎಷ್ಟು ರೊಟ್ಟಿ ಬೇಯಿಸಿದಿರಿ, ಎಷ್ಟು ಹೃದಯ ನೇಯ್ದಿರಿ ಎಂಬುದನ್ನು ಪೌರತ್ವದ ಕಚೇರಿ ಕೇಳುವುದಿಲ್ಲ. ಅಲ್ಲಿ ಎಷ್ಟು ಕಾಲ ಇದ್ದಿರಿ, ಭಾಷೆ ಬರುತ್ತದೆಯೇ ಎಂದು ನೋಡುತ್ತದೆ. ಅಜ್ಜಿಮನೆಯ ರಜೆಗಳ ಟಿಕೆಟ್, ಬೋರ್ಡಿಂಗ್ ಪಾಸ್, ಬೇಸಿಗೆ ಶಾಲೆಯ ಪ್ರಮಾಣಪತ್ರ, ಇವನ್ನು ಮಗು ಹುಟ್ಟಿದಾಗಿನಿಂದಲೇ ಒಂದು ಫೈಲಿನಲ್ಲಿ ಹಾಕಿಡಿ.